ಅತಿಥಿಗಳಿಗೆ ತಂದ ಬಾಟಲಿಗಳು

“ನಾಲೆಗೆ ಉಚ್ಚೆ ಉಯ್ಯೋರೂ ನೀವೇ, ಅದೇ ನೀರಲ್ಲಿ ಕುಂಡಿ ತೊಳ್ಕಳೋರೂ ನೀವೇ. ರೋಗ ಬಂದ್ ಮ್ಯಾಲೆ ಕಂಪ್ನಿ ಬಾಗ್ಲಲ್ಲಿ ಬಾಯ್ ಬಡ್ಕಳೋರೂ ನೀವೇ. ದನಕ್ಕಾದ್ರೂ ನಾಚ್ಕೆ ಅದೆ ಕಣಮ್ಮಿ!”

ಕಬ್ಬಿನ ಕಂಪನಿಯ ಕ್ಷೇಮಾಧಿಕಾರಿ ಲಿಕೊಂಗ್ವೆ ಇದನ್ನು ಹೇಳಿದ್ದು ಆಸ್ಪತ್ರೆಯ ಮಕ್ಕಳ ವಾರ್ಡಿನಲ್ಲಿ, ಮೂಗಿಗೆ ಕರವಸ್ತ್ರ ಹಿಡಿದುಕೊಂಡು. ಎಸ್ನಾಟಿ ಮಗನ ಹಾಸಿಗೆಯ ಪಕ್ಕ ನೆಲದ ಮೇಲೆ ಕೂತಿದ್ದಳು. ಆ ಹುಡುಗ ಪಿಲಿರಾನಿಯ ಮೈಯಿಂದ ಇಳಿಬಿಟ್ಟಿದ್ದ ಉಚ್ಚೆಯ ನಳಿಕೆಯ ತುದಿಗೆ ಶರಬತ್ತಿನ ಖಾಲಿ ಬಾಟಲಿ ಹಿಡಿದಿದ್ದಳು. ಅವಳು ಕತ್ತೆತ್ತಲಿಲ್ಲ. ಕತ್ತೆತ್ತಿದರೆ ಕೈ ಅಲ್ಲಾಡುತ್ತದೆ, ಕೈ ಅಲ್ಲಾಡಿದರೆ ಹುಡುಗ ಕಿರುಚುತ್ತಾನೆ.

“ನಲ್ಲೀಲಿ ನೀರು ಬುಡ್ಸಿ ಸಾಯೇಬ್ರೆ,” ಎಂದಳು. “ನಾವ್ಯಾಕೆ ನಾಲೆಗಿಳಿಯವ?”

“ಲೈನಿಗೆ ನಲ್ಲಿ ಆಕ್ಸಿ ಕೊಟ್ಟಿಲ್ವ?”

“ನಲ್ಲಿ ಅದೆ. ನೀರು ಬಂಗ್ಲೆ ಹುಲ್ಲಿಗೆ ಓಯ್ತದೆ.”

ಸುಳ್ಳಲ್ಲ. ಕೂಲಿಯವರ ಲೈನಿಗೆ ಬರುತ್ತಿದ್ದ ಪೈಪನ್ನು ಕಂಪನಿಯ ಅತಿಥಿ ಬಂಗಲೆಗೆ ತಿರುಗಿಸಿ ಬಹಳ ಕಾಲವಾಗಿತ್ತು. ಅಲ್ಲಿ ಬೆಳಗಿನಿಂದ ಸಂಜೆಯವರೆಗೆ ನೀರಿನ ಚಕ್ರವೊಂದು ಸುತ್ತುತ್ತ ಹುಲ್ಲಿಗೆ ನೀರುಣಿಸುತ್ತಿತ್ತು. ಶಿರೆ ನದಿಯ ಬಯಲಿನ ಬಿಸಿಲಿಗೆ ಹುಲ್ಲು ಬೇಗ ಒಣಗುತ್ತದೆ. ಮಕ್ಕಳು ಅಷ್ಟು ಬೇಗ ಒಣಗುವುದಿಲ್ಲ.

ಲಿಕೊಂಗ್ವೆ ಹಾಸಿಗೆಗೊಂದರಂತೆ ಸೋಪು ಇಡಿಸಿದ. “ಶನಿವಾರ ನಮ್ ಸಕ್ರೆ ಕೊಂಡ್ಕಳೋ ದೊರೆಗಳು ಬತ್ತಾವ್ರೆ. ಕೂಲಿ ಮಕ್ಕಳ್ನ ಕಂಪ್ನಿ ಎಂಗ್ ನೋಡ್ಕತದೆ ಅಂತ ಕೇಳ್ತಾರೆ. ನೀನು ಬಂದು ಮಂಡಿ ಊರಿ, ಕಂಪ್ನಿಗೆ ಒಳ್ಳೇದಾಗ್ಲಿ ಅನ್ನು. ಅಷ್ಟೇ. ನಲ್ಲಿ ಗಿಲ್ಲಿ ಅಂದ್ಯೋ, ನಿಮ್ಮಣ್ಣನ್ ತೂಬಿನ್ ಕೆಲ್ಸ ಅವತ್ತಿಗೆ ಮುಗೀತು.” ಬಾಗಿಲ ಹತ್ತಿರ ನಿಂತು ಸೇರಿಸಿದ: “ಬರಿಗೈಲಿ ಬರಬ್ಯಾಡ. ಮನೆಗ್ ಬಂದೋರ ಮುಂದೆ ಕೈ ಬೀಸ್ಕಂಡ್ ಓಗಾದು ನಮ್ಮೋರ ಮರ್ಯಾದೆ ಅಲ್ಲ.”

ಅವನು ಹೋದ ಮೇಲೆ ಎಸ್ನಾಟಿ ಬಾಟಲಿಯನ್ನು ಬೆಳಕಿಗೆ ಹಿಡಿದಳು. ಗೆರೆ ಮುಟ್ಟಿರಲಿಲ್ಲ.

ಇಡೀ ವಾರ್ಡಿಗೆ ಸಿಸ್ಟರ್ ಲೊನೆಸ್ ಒಬ್ಬಳೇ. ಹಾಗಾಗಿ ಮೈ ಒರೆಸುವುದು, ಮಗ್ಗುಲು ಬದಲಿಸುವುದು, ಮಾತ್ರೆ ನುಂಗಿಸುವುದು, ಉಚ್ಚೆ ಅಳೆಯುವುದು ಎಲ್ಲ ತಾಯಂದಿರದೇ ಕೆಲಸ. ಬಾಟಲಿಗಳ ಮೇಲೆ ಸಿಸ್ಟರ್ ನೀಲಿ ಶಾಯಿಯಲ್ಲಿ ಗೆರೆ ಎಳೆದಿದ್ದಳು. ಅಷ್ಟು ಬಂದರೆ ಸರಿ, ಬಾರದಿದ್ದರೆ ತನ್ನನ್ನು ಕೂಗಬೇಕು. ಹೆಂಗಸರು ಬೆಳಿಗ್ಗೆ ಎದ್ದವರೇ ಸಾರಿನ ಸುದ್ದಿ ಮಾತಾಡುವಂತೆ ಬಣ್ಣದ ಸುದ್ದಿ ಮಾತಾಡುತ್ತಿದ್ದರು.

“ನಂದು ಇವತ್ತು ಟೀ ಬಣ್ಣ ಕನಕ್ಕ.”

“ಪುಣ್ಯವಂತೆ. ನಂದಿನ್ನೂ ದಾಸವಾಳದ ಪಾನಕ.”

ಪಿಲಿರಾನಿಯದೂ ದಾಸವಾಳವೇ. ನಾಲೆಯ ನೀರಿನ ಹುಳ ಚರ್ಮದೊಳಗಿಂದ ನುಗ್ಗಿ ಮೂತ್ರಚೀಲದಲ್ಲಿ ಮನೆ ಮಾಡಿತ್ತು. ಮೇಲಿನಿಂದ ಉಚ್ಚೆ ಇಳಿಯುವ ದಾರಿ ಕಟ್ಟಿ, ಕೀವಾಗಿ, ಒಂದು ಕಿಡ್ನಿ ಊದಿ ಕೆಟ್ಟುಹೋಗಿತ್ತು.

“ಇನ್ನೊಂದದೆ,” ಎಂದಿದ್ದಳು ಸಿಸ್ಟರ್, ಹುಡುಗನ ಹಣೆಗೆ ಒದ್ದೆ ಬಟ್ಟೆ ಹಾಕುತ್ತ. “ಈ ಜ್ವರ ಇಳಿಸ್ತೀನಿ, ಹುಳಕ್ಕೂ ಮಾತ್ರೆ ಕೊಡ್ತೀನಿ. ಆದ್ರೆ ತಿರ್ಗಾ ಅದೇ ನಾಲೆಗಿಳಿದ ಅಂದ್ರೆ ಅದೂ ಓಯ್ತದೆ ಕನವ್ವ. ಆಮ್ಯಾಕೆ ಬಾಟ್ಲಿ ಮ್ಯಾಲೆ ಎಲ್ಲಿ ಗೆರೆ ಎಳೀಲಿ, ನೀನೇ ಏಳು.”

ನಾಲೆಗೆ ಇಳಿಯದೆ ಲೈನಿನಲ್ಲಿ ಬದುಕುವುದು ಹೇಗೆ ಎಂದು ಎಸ್ನಾಟಿ ಕೇಳಲಿಲ್ಲ. ಸಿಸ್ಟರ್ ಹುಟ್ಟಿದ್ದೂ ಅಂಥದೇ ಲೈನಿನಲ್ಲಿ.

ಸಂಜೆ ಅಣ್ಣ ವೈಸನ್ ಬಂದ. ಅವರಲ್ಲಿ ತಂಗಿಯ ಮಕ್ಕಳ ಒಳಿತು ಕೆಡುಕಿಗೆಲ್ಲ ಸೋದರಮಾವನದೇ ಮಾತು. ಎರಡು ವರ್ಷದ ಹಿಂದೆ ಪಿಲಿರಾನಿ ಗುಡಿಸಿಲ ಹಿಂದಿನಿಂದ ಅಳುತ್ತ ಓಡಿಬಂದು, ಉಚ್ಚೆ ಕೆಂಪಗೆ ಬಂತೆಂದಾಗ ವೈಸನ್ ಬಿದ್ದು ಬಿದ್ದು ನಕ್ಕಿದ್ದ. ಹುಡುಗ ಗಂಡಸಾದ ಎಂದು ಬೆನ್ನು ತಟ್ಟಿ, ಹುಂಜ ಕುಯ್ದು, ತಾಯಿಯ ಚಾಪೆಯಿಂದ ಎಬ್ಬಿಸಿ ಗಂಡುಹುಡುಗರ ಗುಡಿಸಿಲಿಗೆ ಕಳಿಸಿದ್ದ. ಲೈನಿನ ಎಲ್ಲ ಮನೆಯಲ್ಲೂ ಹಾಗೆಯೇ. ಉಚ್ಚೆ ತಿಳಿಯಾಗಿ ಬರುವ ಹುಡುಗನನ್ನು ಮಿಕ್ಕವರು ಹೆಣ್ಣಿಗ ಎಂದು ಅಣಕಿಸುತ್ತಿದ್ದರು. ಆ ಹುಂಜದ ಸಾರು ಮಾಡಿದ್ದು ಎಸ್ನಾಟಿಯೇ. ಅವತ್ತು ಅವಳಿಗೆ ಖುಷಿಯಾಗಿತ್ತು.

“ಗಂಡಸ್ತನಕ್ಕೆ ಔಸ್ದಿ ಕೊಡೋ ಆಸ್ಪತ್ರೆ ಇದೊಂದೇ ಕಂಡೆ ನಾನು,” ಎಂದ ವೈಸನ್. “ನಮ್ಮಪ್ಪಂಗೂ ಬತ್ತಿತ್ತು. ನಂಗೂ ಬತ್ತಿತ್ತು. ಏನಾಯ್ತು?”

“ಅಪ್ಪ ಸತ್ತಿದ್ದು ಉಚ್ಚೆ ಕಟ್ಟಿ,” ಎಂದಳು ಎಸ್ನಾಟಿ.

“ಅದು ಮಾಟ.”

ಸಿಸ್ಟರ್ ಪಕ್ಕದ ಹಾಸಿಗೆಯಿಂದಲೇ ಕೇಳಿದಳು: “ಈಗ ಬರಾಕಿಲ್ವ ಮಾವಯ್ಯ, ನಿಮ್ಗೆ?”

ವೈಸನ್ ಕಿಟಕಿಯ ಕಡೆ ನೋಡಿದ. ತೂಬು ತೆಗೆಯುವ ಹೊತ್ತಾಯಿತು ಎಂದು ಎದ್ದ. ಹೋಗುವ ಮುಂಚೆ ಅಳಿಯನ ಪಾದ ಹಿಡಿದು ನೋಡಿದ. ಪಾದ ಕೆಂಡದಂತೆ ಸುಡುತ್ತಿತ್ತು.

“ಶನಿವಾರ ಬಾಯಿ ಬುಡಬ್ಯಾಡ ಕನವ್ವ,” ಎಂದ ಮೆಲ್ಲಗೆ. “ನನ್ ಕೆಲ್ಸ ಓದ್ರೆ ಇಬ್ರ ಮನೆ ಒಲೇನೂ ಆರೋಯ್ತದೆ.”

“ಬಾಯಿ ಬುಡಕಿಲ್ಲ,” ಎಂದಳು ಎಸ್ನಾಟಿ.

ಶನಿವಾರ ಬೆಳಿಗ್ಗೆ ಅವಳು ಬುಟ್ಟಿ ಹಿಡಿದು ಹಾಸಿಗೆಯಿಂದ ಹಾಸಿಗೆಗೆ ಹೋದಳು. “ಬರಿಗೈಲಿ ಬರಬ್ಯಾಡ ಅಂದವ್ನೆ,” ಎಂದಳು. ಲೈನಿನ ತಾಯಂದಿರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಆಮೇಲೆ ಮುಚ್ಚಳ ಬಿಗಿಮಾಡಿ ಒಂದೊಂದೇ ಬಾಟಲಿ ಬುಟ್ಟಿಗಿಟ್ಟರು. ಸಿಸ್ಟರ್ ಲೊನೆಸ್ ಸೂಜಿ ಕುದಿಸುತ್ತ ಎಲ್ಲ ನೋಡಿದಳು.

“ಬಾಟ್ಲಿ ವಾಪಸ್ ತಂದ್ಬುಡು,” ಎಂದಳು. “ಬ್ಯಾರೆ ಇಲ್ಲ.”

ಪಿಲಿರಾನಿಯ ನಳಿಕೆಯನ್ನು ಪಕ್ಕದ ಹಾಸಿಗೆಯ ತಾಯಿ ಒಂದು ಲೋಟಕ್ಕೆ ಹಿಡಿದಳು. ಎಸ್ನಾಟಿ ಬುಟ್ಟಿಗೆ ಬಟ್ಟೆ ಮುಚ್ಚಿ ತಲೆಯ ಮೇಲಿಟ್ಟುಕೊಂಡು ನಡೆದಳು.

ಬಂಗಲೆಯ ಹುಲ್ಲು ಕಣ್ಣಿಗೆ ತಂಪಾಗಿತ್ತು. ನೀರಿನ ಚಕ್ರ ಸುತ್ತುತ್ತಲೇ ಇತ್ತು. ಬಿಳಿ ಬಟ್ಟೆ ಹಾಸಿದ ಉದ್ದನೆಯ ಮೇಜು, ಅದರಾಚೆ ಟೋಪಿ ಹಾಕಿದ ಅತಿಥಿಗಳು. ವೈಸನ್‌ಗೆ ಅವತ್ತು ಇಸ್ತ್ರಿ ಮಾಡಿದ ಖಾಕಿ ತೊಡಿಸಿ, ತೂಬಿನಿಂದ ಕರೆತಂದು, ಹಣ್ಣಿನ ರಸದ ತಟ್ಟೆ ಹಿಡಿಸಿದ್ದರು. ಲಿಕೊಂಗ್ವೆ ಇಂಗ್ಲಿಷಿನಲ್ಲಿ ಏನೋ ಹೇಳಿ ಅವಳತ್ತ ಕೈ ತೋರಿಸಿದ. ಅತಿಥಿಗಳು ಚಪ್ಪಾಳೆ ತಟ್ಟಿದರು.

ಎಸ್ನಾಟಿ ಮಂಡಿಯೂರಿದಳು. ಹಿರಿಯರು ಕಲಿಸಿದ ಹಾಗೆ, ಒಂದೊಂದನ್ನೂ ಎರಡೂ ಕೈಯಲ್ಲಿ ಹಿಡಿದು ಮೇಜಿನ ಮೇಲೆ ಸಾಲಾಗಿ ಇಟ್ಟಳು.

“ಇದು ಪಿಲಿರಾನೀದು. ನನ್ ಮಗ. ಇದು ಚಿಕೊಂಡೀದು, ಅವನ್ಗಿನ್ನೂ ಹಾಲಲ್ಲು ಬಿದ್ದಿಲ್ಲ. ಇದು ಮಾಲಿಟಾಂದು, ಹೆಣ್ಮಗ. ಇದು ತಿಳಿ ಆಯ್ತಾ ಅದೆ, ದೇವ್ರು ದೊಡ್ಡೋನು.”

ಬಿಸಿಲಿಗೆ ಬಾಟಲಿಗಳು ಚೆಂದ ಕಂಡವು. ಬಿಳಿಗೂದಲಿನ ಅತಿಥಿಯೊಬ್ಬಳು ಆ ಕಡೆಯ ಪಾನಕವಿರಬೇಕೆಂದು ನಗುತ್ತ ಒಂದನ್ನು ಕೈಗೆತ್ತಿಕೊಂಡು, ಮುಚ್ಚಳ ತೆಗೆದು ಮೂಸಿದಳು. ವಾಸನೆಗೆ ಯಾರೂ ಅರ್ಥ ಹೇಳಬೇಕಾಗಲಿಲ್ಲ. ಅವಳು ಅದನ್ನು ಬಹಳ ಜೋಪಾನವಾಗಿ ಕೆಳಗಿಟ್ಟಳು.

“ನಾಲೆ ನೀರು ನಮ್ ಮಕ್ಕಳೊಳಗೆ ಓಗಿ ಇಂಗಾಗಿ ಬತ್ತದೆ,” ಎಂದಳು ಎಸ್ನಾಟಿ. “ಕಂಪ್ನಿಗೆ ಒಳ್ಳೇದಾಗ್ಲಿ.”

ಲಿಕೊಂಗ್ವೆ ಮೇಜು ಸುತ್ತಿಕೊಂಡು ಬಂದ.

“ಏ ವೈಸನ್! ಎತ್ತಾಕ್ಲಾ ಈ ಗಲೀಜ್ನ! ನಿನ್ ತಂಗಿ ಸೂಳೆಮುಂಡೇನ ಆಚ್ಗೆ ಎಳ್ಕಂಡೋಗು!”

ವೈಸನ್ ತಟ್ಟೆಯನ್ನು ಮೇಜಿಗಿಟ್ಟ. ಬಾಟಲಿಗಳ ಸಾಲನ್ನು ಆ ತುದಿಯಿಂದ ಈ ತುದಿಗೆ ನೋಡಿದ. ಪಿಲಿರಾನಿಯ ಬಾಟಲಿಯ ಮುಂದೆ ನಿಂತು, ಗೆರೆಗೂ ಕೆಂಪಿಗೂ ನಡುವೆ ಉಳಿದಿದ್ದ ಖಾಲಿಯನ್ನು ಹೆಬ್ಬೆರಳಿನಿಂದ ಮುಟ್ಟಿದ. ತಟ್ಟೆಯಿಂದ ಒಂದು ಗಾಜಿನ ಲೋಟ ತೆಗೆದು ಅದರ ರಸವನ್ನು ಹುಲ್ಲಿಗೆ ಚೆಲ್ಲಿದ. ಹೆಂಗಸರಿದ್ದರೆಂದು ಮೇಜಿಗೆ ಬೆನ್ನು ಮಾಡಿ, ಖಾಕಿಯ ಗುಂಡಿ ಬಿಚ್ಚಿದ.

ಬಹಳ ಹೊತ್ತು ಹಿಡಿಯಿತು. ನೀರಿನ ಚಕ್ರದ ಸದ್ದೊಂದೇ. ನಡುವೆ ಒಮ್ಮೆ ನೋವಿಗೆ ಅವನ ಭುಜ ಕುಗ್ಗಿದ್ದು ಎಸ್ನಾಟಿಗೆ ಕಂಡಿತು. ಹುಟ್ಟಿದಾಗಿನಿಂದ ನೋಡಿದ ಬೆನ್ನು, ಅದಕ್ಕೆ ನೋವಿದೆ ಎಂದು ಅವಳಿಗೆ ಗೊತ್ತಿರಲಿಲ್ಲ.

ವೈಸನ್ ತಿರುಗಿ ಬಂದು ಲೋಟವನ್ನು ಸಾಲಿನ ಕೊನೆಗೆ ಇಟ್ಟ. ಎಲ್ಲಕ್ಕಿಂತ ಕೆಂಪಗಿತ್ತು ಅದು.

“ಇದು ನಂದು,” ಎಂದ. “ಮೀಸೆ ಬರಕ್ ಮುಂಚ್ಲಿಂದ್ಲೂ ಗಂಡ್ಸು ನಾನು.”

ಗೇಟಿನ ಕಡೆಯಿಂದ ಕಾವಲಿನವರು ಓಡಿಬರುತ್ತಿದ್ದರು. ಎಸ್ನಾಟಿ ಆತುರಪಡದೆ ಬಾಟಲಿಗಳನ್ನು ಒಂದೊಂದಾಗಿ ಬುಟ್ಟಿಗೆ ತುಂಬಿಕೊಂಡಳು. ವಾರ್ಡಿನಲ್ಲಿ ಬೇರೆ ಇರಲಿಲ್ಲ. ಲೋಟವನ್ನು ಮಾತ್ರ ಅಲ್ಲೇ ಬಿಟ್ಟಳು. ಅದು ಕಂಪನಿಯದು.