ರಸ್ತೆಗೆ ಹರವಿದ ಹುರುಳಿ

ಗುಡ್ಡದ ಒಣಹುಲ್ಲಿಗೆ ಬೆಂಕಿ ಬಿದ್ದಾಗ ಮಧ್ಯಾಹ್ನ ಮೂರು ಗಂಟೆ. ಯಾರು ಬೀಡಿ ಎಸೆದರೋ, ಯಾರು ಬದುವಿಗೆ ಕಡ್ಡಿ ಗೀರಿದರೋ, ದೇವರೇ ಬಲ್ಲ. ದಾನವ್ವ ಡಾಂಬರು ರಸ್ತೆಯ ಮೇಲೆ ತನ್ನ ಒಣಗಿದ ಹುರುಳಿ ಬಳ್ಳಿಯನ್ನು ನೂರು ಹೆಜ್ಜೆ ಉದ್ದಕ್ಕೆ ಹರವಿ ಬೇವಿನ ನೆರಳಿಗೆ ಕುಳಿತಿದ್ದಳು. ಕಣ ಮಾಡುವ ಕಾಲ ಹೋಗಿ ಬಹಳ ದಿನವಾಯಿತು. ಕಲಘಟಗಿ ಕಡೆಗೆ ಹೋಗುವ ಬಸ್ಸು, ಟಂಟಂ ಆಟೋಗಳೇ ಈಗ ಊರಿನವರ ಕಾಳು ತುಳಿದುಕೊಡುತ್ತವೆ.

ಗಾಳಿ ಊರಿನ ಕಡೆಗಿತ್ತು. ಗುಡ್ಡದ ಬುಡಕ್ಕೆ ಸಾಲಾಗಿ ಹನ್ನೊಂದು ಬಣವೆಗಳು. ಮಳೆ ಬೀಳುವ ತನಕ ಇಡೀ ಊರಿನ ದನಗಳಿಗೆ ಇದ್ದ ಮೇವೆಂದರೆ ಅಷ್ಟೇ. ಗಂಡಸರು ಹಸಿ ಟೊಂಗೆ ಮುರಿದುಕೊಂಡು ಬೆಂಕಿ ಬಡಿಯಲು ಓಡಿದರು. ಧಾರವಾಡಕ್ಕೆ ಫೋನು ಹೋಯಿತು. ಮುಕ್ಕಾಲು ತಾಸಿಗೆ ಅಗ್ನಿಶಾಮಕದ ಕೆಂಪು ಗಾಡಿ ಬಂದು, ದಾನವ್ವನ ಹುರುಳಿಯ ಮುಂದೆ ಗಕ್ಕನೆ ನಿಂತಿತು.

“ಹಾಯಿಸ್ಕೊಂಡ ಹೋಗ್ರಿ ಯಪ್ಪಾ, ಏನೂ ಆಗಂಗಿಲ್ಲ,” ಎಂದಳು ದಾನವ್ವ. ಬೆಳಗಿನಿಂದ ಎಲ್ಲ ಗಾಡಿಗಳೂ ಹಾಯ್ದೇ ಹೋಗಿದ್ದವಲ್ಲ.

ಗಾಡಿಯಿಂದ ಇಳಿದ ಹಫೀಜ ಅಗ್ನಿಶಾಮಕದ ಮಂದಿಗೆಲ್ಲ ಹಿರಿಯ. ಐವತ್ತು ದಾಟಿದವನು. ಅವತ್ತು ಆಗಲೇ ಎರಡು ಕಡೆ ಬೆಂಕಿ ಆರಿಸಿ ಬಂದಿದ್ದ, ಒಂದು ಹುಬ್ಬು ಕರಕಾಗಿತ್ತು. ಅವನಿಗೆ ಸಿಟ್ಟು ಬರಲಿಲ್ಲ. ಸಿಟ್ಟು ಮಾಡುವಷ್ಟು ಕಸುವೂ ಉಳಿದಿರಲಿಲ್ಲವೇನೋ.

“ಬಳ್ಳಿ ಗಾಲಿಗೆ ಸುತ್ಕೋತಾವ್ರಿ ಅವ್ವಾರ. ಕಾದ ಸೈಲೆನ್ಸರಿಗೆ ತಾಗಿದ್ರ ನಮ್ಮ ಗಾಡೀನ ಹೊತ್ತತೈತಿ. ಹೋದ ವಾರ ಹಿಂಗ ಒಂದ ಕಾರ್ ಸುಟ್ತು, ನಾನ ಆರಿಸಿ ಬಂದೇನಿ.”

ದಾನವ್ವ ತಟ್ಟನೆ ಬಗ್ಗಿ, ಎರಡೂ ತೋಳು ತುಂಬ ಹುರುಳಿ ಬಳ್ಳಿ ಎಳೆದು ಗಟಾರಿಗೆ ಹಾಕಿದಳು. ಹಫೀಜನ ಮಂದಿಯೂ ಎಳೆದರು. ಕಾಳು ಕಾಲಡಿಗೆ ಉರುಳುತ್ತಿತ್ತು. ದಾರಿ ಬಿಡಿಸುವಷ್ಟರಲ್ಲಿ ಹತ್ತು ನಿಮಿಷ ಹೋಯಿತು. ಆ ಹತ್ತು ನಿಮಿಷದಲ್ಲಿ ಬೆಂಕಿ ಮೊದಲನೇ ಬಣವೆಗೆ ಬಂತು. ಅದು ಪಕ್ಕದ ಮನೆಯ ಸಿದ್ದಲಿಂಗಪ್ಪನದು.

ಉಳಿದ ಹತ್ತನ್ನು ಅವರು ಉಳಿಸಿದರು. ಬಿಸಿಲು ತಗ್ಗುವ ತನಕ ಹೊಗೆಯೊಳಗೆ ಪೈಪು ಹೊತ್ತು ಓಡಾಡಿ, ಕೊನೆಗೆ ಬೂದಿಯ ಅಂಚಿಗೇ ಕುಸಿದು ಕುಳಿತರು. ದಾನವ್ವ ಮಜ್ಜಿಗೆಯ ತಂಬಿಗೆ ತಂದಳು. ಎಲ್ಲರೂ ಗಟಗಟ ಕುಡಿದರು. ಹಫೀಜ ಮಾತ್ರ ಕೈ ಅಡ್ಡ ಹಿಡಿದು, ರೋಜಾ ಉಪವಾಸ ಐತ್ರಿ ಎಂದ.

ಇಂಥ ಬೆಂಕಿಯಲ್ಲಿ ಗುಟುಕು ನೀರಿಲ್ಲದೆ ಹೆಂಗಪ್ಪಾ ಎಂದು ಆಕೆ ಕೇಳಿದಳು.

“ದಿನಾ ಪೂರ್ತಿ ನೀರಾಗ ಇರ್ತೇನ್ರಿ. ಕುಡಿಯೂದ ಒಂದ ಬಾಕಿ.”

ಹೊತ್ತು ಮುಳುಗುವ ತನಕ ಕೂತಿರೆಂದು ಆಕೆ ಹೇಳಬೇಕೆನ್ನುವಾಗಲೇ ಮತ್ತೊಂದು ಕಡೆಯಿಂದ ಕರೆ ಬಂತು. ಅವರು ಮೊಣಕಾಲಿಗೆ ಕೈಯೂರಿ ಎದ್ದರು. ದಾನವ್ವ ಗಾಡಿಯಲ್ಲಿದ್ದ ಖಾಲಿ ಬಾಟಲಿಗೆ ಉಳಿದ ಮಜ್ಜಿಗೆ ಸುರಿದು ಹಫೀಜನಿಗೆ ಕೊಟ್ಟು, ಕಸಬರಿಗೆ ಹಿಡಿದು ಗಾಡಿಗಿಂತ ಮುಂದೆ ನಡೆದಳು. ರಸ್ತೆಯಲ್ಲಿ ಒಂದು ಬಳ್ಳಿಯೂ ಉಳಿಯದಂತೆ ಗುಡಿಸಿ, ಪಕ್ಕಕ್ಕೆ ಸರಿದು ಕೈ ಮುಗಿದಳು.

ಗಾಡಿ ಹೋದ ಮೇಲೆ ನೋಡಿದರೆ ಸಿದ್ದಲಿಂಗಪ್ಪ ಹಿಂದೆ ನಿಂತಿದ್ದ.

“ತಮ್ಮಾ, ನನ್ನ ಹುರುಳಿ ಅಡ್ಡ ಇರದಿದ್ರ ನಿನ್ನ ಬಣವಿ ಉಳೀತಿತ್ತು,” ಎಂದಳು.

ಅವನು ಸುಟ್ಟ ಬಣವೆಯ ಕಡೆಗೊಮ್ಮೆ, ಗುಡಿಸಿದ ರಸ್ತೆಯ ಕಡೆಗೊಮ್ಮೆ ನೋಡಿದ.

“ನಾಳೆ ನಾನೂ ಅಲ್ಲೇ ಕಡ್ಲಿ ಹರವಾಂವ ಇದ್ದೆ, ಯಕ್ಕಾ.”

ಹುರುಳಿಯ ಹೊಟ್ಟು ಪೂರಾ ನಿನ್ನ ದನಗಳಿಗೇ ಎಂದಳು ದಾನವ್ವ. ಇಬ್ಬರೂ ಗಟಾರಿಗೆ ಇಳಿದು, ಬಳ್ಳಿ ಎತ್ತಿ ಹೊಲದ ಕಡೆಗೆ ಹಾಕತೊಡಗಿದರು.