ಕರಿ ಪೇತರ್ ಆಟದ ಮಸಿ

"ಇವಳ ಮೂಗಿಗೆ ಮಸಿ ಹಚ್ಚಿದ್ರೆ ಕಾಣೋದೇ ಇಲ್ವಲ್ಲೇ ಹೆರ್ಮಿನಾ, ಸ್ವಲ್ಪ ಹಿಟ್ಟು ಕೊಡು ಇತ್ಲಾಗೆ," ಎಂದ ನನ್ನ ಅಣ್ಣ ವಿಂಕೊ.

ಭಾನುವಾರದ ಊಟ ಮುಗಿದು, ಮೇಜಿನ ಮೇಲೆ ಅಕ್ರೋಟಿನ ಸುರುಳಿ ರೊಟ್ಟಿಯ ಚೂರುಗಳಷ್ಟೇ ಉಳಿದಿದ್ದವು. ಚಳಿಗಾಲದಲ್ಲಿ ಊಟವಾದ ಮೇಲೆ ಮಕ್ಕಳೊಂದಿಗೆ ಕರಿ ಪೇತರ್ ಆಡುವುದು ನಮ್ಮ ಮನೆಯ ರೂಢಿ. ಅದು ಇಸ್ಪೀಟಿನಂಥ ಆಟ, ಚಿತ್ರದ ಎಲೆಗಳೆಲ್ಲ ಜೋಡಿ ಜೋಡಿ. ಒಂಟಿಯಾಗಿ ಉಳಿಯುವವನು ಮಸಿ ಮೆತ್ತಿಕೊಂಡ ಚಿಮಣಿ ಗುಡಿಸುವವ, ಅವನೇ ಕರಿ ಪೇತರ್. ಕೊನೆಗೆ ಅವನು ಯಾರ ಕೈಯಲ್ಲಿ ಉಳಿದನೋ ಅವರು ಸೋತಂತೆ. ಗೆದ್ದವರು ಒಲೆಯ ಬಾಗಿಲಿಗೆ ಬೆರಳು ಒತ್ತಿ ಅವರ ಮೂಗಿಗೆ ಮಸಿ ಬಳಿಯಬೇಕು. ಅಪ್ಪ ನಮಗೆ ಬಳಿದಿದ್ದ, ವಿಂಕೊ ತನ್ನ ಮಗಳು ನೇಷ್ಕಾಗೆ ಬಳಿದಿದ್ದ. ಅಂದು ಸೋತವಳು ನೇಷ್ಕಾಳ ಮಗಳು, ಆರು ವರ್ಷದ ಜಾಲಾ. ಅವಳು ಆಟಕ್ಕೆ ಕೂತದ್ದು ಅದೇ ಮೊದಲು. ಬಣ್ಣ ಅವಳಿಗೆ ಅಪ್ಪನದು. ಅಪ್ಪ ಕ್ವಾಬೆನಾ ಘಾನಾದವನು, ಊರಿನ ಅರ್ಧ ಮನೆಗಳಿಗೆ ಕರೆಂಟಿನ ತಂತಿ ಎಳೆದವನು. ಅಂದು ಅವನೂ ಮೇಜಿನ ಆಚೆ ಕೂತಿದ್ದ.

ನಾನು ಕೂತಲ್ಲಿಂದ ಏಳಲಿಲ್ಲ. ವಿಂಕೊ ತಾನೇ ಎದ್ದು ಹಿಟ್ಟು ತಂದು ಹಚ್ಚಿದ. ಚೆನ್ನಾಗಿಯೇ ಕಂಡಿತು. ಅವನು ಹೊಟ್ಟೆ ಕುಲುಕಿಸಿ ನಕ್ಕ. ಜಾಲಾ ನಗಲಿಲ್ಲ.

"ಅಜ್ಜ, ಸೋತೋರು ನಮ್ಮಪ್ಪನ ಥರ ಆಗ್ಬೇಕಾ? ನಾನು ಸೋಲೋಕ್ ಮುಂಚೇನೇ ಹಾಗಿದ್ನಲ್ಲ?"

"ಹಾಗಲ್ಲ ಪುಟ್ಟಿ, ಅದು ಬರೀ ಒಲೆ ಮಸಿ."

ಜಾಲಾ ಕುರ್ಚಿಯಿಂದ ಜಾರಿ ಇಳಿದು, ಮೂಲೆಯಲ್ಲಿ ಕೂತು ಬೂಟು ಹಾಕಿಕೊಳ್ಳತೊಡಗಿದಳು. ನೇಷ್ಕಾ ಎದ್ದು ಕೋಟು ತೊಟ್ಟಳು.

"ಈ ಆಟ ಇರೋ ಮನೆಗೆ ಇನ್ನು ಇವಳನ್ನ ಕರ್ಕೊಂಡು ಬರಲ್ಲ ಅಪ್ಪ."

ವಿಂಕೊನ ಮುಖ ಇಳಿಯಿತು. ಸೋಮವಾರದಿಂದಲೇ ಭಾನುವಾರ ಎಣಿಸುವ ಮನುಷ್ಯ ಅವನು, ಅದೂ ಈ ಹುಡುಗಿಗಾಗಿ. ಆದರೂ ಬಾಯಿ ಸುಮ್ಮನಿರಬೇಕಲ್ಲ.

"ಒಂದು ಮಾತಿಗೆ ಇಷ್ಟೊಂದಾ? ಹಾಗಾದ್ರೆ ಕರಿ ಕಾಫಿಗೆ ಏನನ್ಲಿ? ಹಿತ್ತಲ ಮಣ್ಣಿಗೆ ಏನನ್ಲಿ?"

"ಪರವಾನಗಿ ಇಲ್ದೆ ದ್ರಾಕ್ಷಿ ತೋಟದಲ್ಲಿ ಮನೆ ಕಟ್ಕೊಂಡಿದ್ದೀಯಲ್ಲ, ಕರಿ ಕಟ್ಟಡ ಅಂತ ಊರೇ ಅನ್ನುತ್ತೆ. ಮೊದ್ಲು ಅದಕ್ಕೊಂದು ಹೆಸರು ಹುಡುಕು," ಎಂದೆ ನಾನು.

ಕ್ವಾಬೆನಾ ನಕ್ಕುಬಿಟ್ಟ. "ಅದಕ್ಕೆ ತಂತಿ ಎಳೆದಿದ್ದು ನಾನೇ ಅತ್ತೆ, ರಸೀದಿ ಇಲ್ದೆ. ತೆರಿಗೆ ತಪ್ಪಿಸಿ ಮಾಡೋದಕ್ಕೆ ನೀವು ಕರಿ ಕೆಲಸ ಅಂತೀರಿ. ನಾನು ರಸೀದಿ ಕೊಟ್ರೂ ಕೆಲವರು ಹಾಗೇ ಅಂದ್ಕೋತಾರೆ."

ಆಮೇಲೆ ಅವನ ದನಿ ತಗ್ಗಿತು. "ಕಪ್ಪು, ಕತ್ತಲು ಅಂದ್ರೆ ನಂಗೆ ಬೇಜಾರಿಲ್ಲ ಮಾವ. ಸಾವಿಗೆ ನಮ್ಮೂರಲ್ಲೂ ಕಪ್ಪು ಉಡ್ತೀವಿ. ನನ್ನನ್ನ ನೆನೆಸ್ಕೊಂಡು ಯಾರೂ ಈ ಮಾತುಗಳನ್ನ ಮಾಡ್ಲಿಲ್ಲ, ಅದೂ ಗೊತ್ತು. ಆದ್ರೆ ಇವಳು ಈಗ ತಾನೇ ಮಾತು ಕೂಡಿಸ್ಕೋತಿರೋಳು. ಬೇಡದವರ ಕರಿ ಪಟ್ಟಿ, ಕಳ್ಳಮಾಲಿನ ಕರಿ ಸಂತೆ, ಕರಿ ಕೆಲಸ, ಈಗ ಸೋತೋನ ಮೂಗು. ಬೇಡದ್ದೆಲ್ಲ ಒಂದೇ ಕಡೆ ಸೇರೋದನ್ನ ನೋಡ್ತಾಳೆ. ಆಮೇಲೆ ಕನ್ನಡಿ ನೋಡ್ತಾಳೆ."

"ನಾನು ಹಾಗೆ ಅಂದ್ಕೊಂಡು ಹಚ್ಚಲಿಲ್ಲ ಕಣಯ್ಯ."

"ಅಂದ್ಕೊಂಡಿದ್ರೆ ನಾನು ಈ ಮನೆ ಸೂಪು ಕುಡೀತಿರ್ಲಿಲ್ಲ."

ವಿಂಕೊ ಬಹಳ ಹೊತ್ತು ಮೇಜಿನ ಮೇಲಿನ ಚೂರುಗಳನ್ನು ಒಂದೆಡೆಗೆ ಗುಡ್ಡೆ ಮಾಡುತ್ತಿದ್ದ. ಕೊನೆಗೆ ಎದ್ದು, ನೋಯುವ ಮಂಡಿಯನ್ನು ಬಯ್ಯುತ್ತಲೇ ಊರಿ, ಮೊಮ್ಮಗಳ ಎದುರು ಕೂತ. ಅಂಗಿಯ ತೋಳಿನಿಂದ ಅವಳ ಮೂಗಿನ ಹಿಟ್ಟು ಒರೆಸಿದ.

"ಸೋತೋರು ಏನ್ಮಾಡ್ಬೇಕು, ನೀನೇ ಹೇಳು."

ಒಂದು ಕಾಲಿಗೆ ಬೂಟು, ಇನ್ನೊಂದು ಕಾಲು ಬರಿದು. ಜಾಲಾ ಯೋಚಿಸಿದಳು. "ಹೊರಗೆ ಹೋಗಿ ಕೋಳಿಗೂಡಿನ ಬಾಗ್ಲು ಹಾಕ್ಬೇಕು. ಈ ಚಳೀಲಿ."

"ಮತ್ತೆ ಆ ಎಲೆಗೆ ಹೆಸರು?"

"ಪೇತರ್. ಅಷ್ಟೇ ಸಾಕು ಅವನಿಗೆ."

ಮತ್ತೆ ಎಲೆ ಹಂಚಿದರು. ನೇಷ್ಕಾ ಕೋಟು ತೊಟ್ಟುಕೊಂಡೇ ಕೂತು ಆಡಿದಳು. ಪೇತರ್ ವಿಂಕೊನ ಕೈಯಲ್ಲಿ ಉಳಿದ. ಬೇಕೆಂದೇ ಉಳಿಸಿಕೊಂಡನೋ ಏನೋ, ಇಷ್ಟು ವರ್ಷ ಅವನೊಂದಿಗೆ ಎಲೆ ಆಡಿದ ನನಗೂ ತಿಳಿಯಲಿಲ್ಲ.

"ಹೊರಗೆ ಕತ್ತಲಾಗಿದೆ ಅಜ್ಜ," ಎಂದಳು ಜಾಲಾ. "ನಿಂಗೆ ಕಾಣಲ್ಲ. ನಾನೂ ಬರ್ತೀನಿ."

"ಬಾ ಮತ್ತೆ, ಟೋಪಿ ಹಾಕ್ಕೋ."

ನಾವು ಕಿಟಕಿಗೆ ಬರುವಷ್ಟರಲ್ಲಿ ಒಂದು ಕೋಳಿ ಗೂಡಿನಿಂದ ತಪ್ಪಿಸಿಕೊಂಡು, ಹಿಮದಲ್ಲಿ ಪೇರ್ ಮರದ ಸುತ್ತ ಓಡುತ್ತಿತ್ತು. ಅಜ್ಜ ಒಂದು ಕಡೆಯಿಂದ, ಮೊಮ್ಮಗಳು ಇನ್ನೊಂದು ಕಡೆಯಿಂದ, ಕೈ ಅಗಲಿಸಿಕೊಂಡು ಅದನ್ನು ಅಡ್ಡಗಟ್ಟುತ್ತಿದ್ದರು.