ವೀರತುಂಗ ನೋನಾ ತಿನ್ನಿಸಿದ ಹಾಲನ್ನ

ಒಂದಾನೊಂದು ಕಾಲದಲ್ಲಿ ಒಬ್ಬ ರಾಕ್ಷಸಿ ಇದ್ದಳು, ಅವಳಿಗೆ ಕೋರೆಹಲ್ಲಿರಲಿಲ್ಲ, ಮೈಗೆ ಮಲ್ಲಿಗೆ ಸೆಂಟು ಹಾಕಿಕೊಳ್ಳುತ್ತಿದ್ದಳು — ಇದೇ ವಾಸನೆ, ಈಗ ಬಾಗಿಲಿನಿಂದ ನುಗ್ಗಿ ವಾರ್ಡಿನ ಫಿನಾಯಿಲನ್ನು ಮೂಲೆಗೆ ತಳ್ಳಿದ್ದು — ಬಡವರನ್ನು ಹುಡುಕಿ ಹುಡುಕಿ ಕೈತುತ್ತು ಹಾಕುತ್ತಿದ್ದಳು, ಹೀಗೆ ಹೇಳುತ್ತಿದ್ದಳು ಆಚ್ಚಿ, ನನ್ನ ಅಜ್ಜಿ, ತುತ್ತು ನೋಡ್ಬೇಡ ಮಗಳೇ, ಹಾಕೋಳ ಕಣ್ಣು ನೋಡು. ನೋಡುತ್ತಿದ್ದೇನೆ ಆಚ್ಚಿ, ಕಣ್ಣು ಫೋನಿನ ಕಡೆಗಿದೆ. ಬಿಳಿ ಸೀರೆಯ ವೀರತುಂಗ ನೋನಾ, ನೋನಾ ಅಂದರೆ ದೊಡ್ಡ ಮನೆಯ ಅಮ್ಮಾವ್ರು, ಅತ್ತೆ ಸತ್ತು ಮೂರು ವರ್ಷವಂತೆ, ಭಿಕ್ಷುಗಳಿಗೆ ದಾನ ನಿನ್ನೆ ಮುಗಿಯಿತು, ಇವತ್ತು ನಮ್ಮ ಸರದಿ, ಈ ಆಶ್ರಮದ, ಕೈಕಾಲು ಹಿಡಿತಕ್ಕೆ ಬಾರದ ಹೆಂಗಸರದು, ಮಾತರ ಊರಿನಿಂದ ವ್ಯಾನಿನ ತುಂಬ ಹಾಲನ್ನ ಬಂದಿದೆ, ವಜ್ರದಾಕಾರಕ್ಕೆ ಕೊಯ್ದದ್ದು, ಪಕ್ಕದಲ್ಲಿ ಕೆಂಪು ಖಾರ. ದಾನಿಗಳು ಕೈಯಾರೆ ತಿನ್ನಿಸಿದರೇ ಪುಣ್ಯ ಸತ್ತವರಿಗೆ ಮುಟ್ಟುವುದು, ಹೀಗೆಂದು ಈ ಮನೆಯಲ್ಲಿ ಪದ್ಧತಿ ಮಾಡಿದವಳು ಮೇಟ್ರನ್, ಯಾವ ಭಿಕ್ಷುವೂ ಅಲ್ಲ, ಹಾಗಾಗಿ ದಾನದ ದಿನ ನನ್ನ ಚಮಚವನ್ನು ಕಿತ್ತಿಡುತ್ತಾಳೆ, ಉಳಿದ ದಿನ ನಾನೇ ತಿನ್ನುತ್ತೇನೆ, ಅರ್ಧ ಚೆಲ್ಲುತ್ತೇನೆ, ಅರ್ಧ ತಿನ್ನುತ್ತೇನೆ, ಆ ಅರ್ಧ ನನ್ನದು. ಆ ಅನ್ನು ಚಿನ್ನಾ, ಆ... ಇಪ್ಪತ್ತಾರು ವರ್ಷದವಳಿಗೆ ಚಿನ್ನಾ! ಆ ಅಂದೆ, ನುಂಗಿದೆ. ನೋಡಿ ನೋನಾ ಹೇಗೆ ನಗ್ತಾಳೆ, ಬುದ್ಧಿ ಇಲ್ಲದಿದ್ರೂ ಅನ್ನದ ಋಣ ಗೊತ್ತು ಇವಕ್ಕೆ, ಅಂದಳು ಮೇಟ್ರನ್. ನಗುತ್ತಿಲ್ಲ ಕಣೇ, ಮುಖದ ನರ ಎಳೆಯುತ್ತದೆ, ನನ್ನ ಅಸಹ್ಯವೂ ನಗುವಿನ ಹಾಗೇ ಕಾಣುತ್ತದೆ, ಎಂಥ ಅದೃಷ್ಟವಂತರು ನೀವು.

ಈಗ ನೋನಾ ಪಕ್ಕದ ಮಂಚಕ್ಕೆ ಹೊರಟಳು, ಬೇಡ, ಅಲ್ಲಿಗೆ ಬೇಡ, ಅದು ಪಿಯಸೀಲಿ ಅಕ್ಕ, ಅವಳಿಗೆ ಮಾತಿಲ್ಲ, ಗಂಟಲು ನಿಧಾನ, ಬೆನ್ನಿಗೆ ದಿಂಬು ಕೊಟ್ಟು ಕೂರಿಸಿ ನುಣ್ಣಗೆ ಅರೆದ ಗಂಜಿ ಮಾತ್ರ ಕೊಡಬೇಕು, ಹೋದ ದಾನದಲ್ಲಿ ಯಾರೋ ಪುಣ್ಯವಂತ ಮಲಗಿಸಿಯೇ ಬಾಳೆಹಣ್ಣು ತುರುಕಿದ, ಮುಖ ನೇರಳೆಹಣ್ಣಾಯಿತು, ಆಯಾ ಬೆರಳು ಹಾಕಿ ಎಳೆದದ್ದಕ್ಕೆ ಉಳಿದಳು, ಆಮೇಲೆ ಮೇಟ್ರನ್ ಏನಂದಳು, ಬಂದ ದಾನಿಗಳನ್ನ ವಾಪಸ್ ಕಳಿಸೋಕಾಗುತ್ತಾ, ಸರಿಯಾಗಿ ನುಂಗೋದು ಕಲೀರಿ. ಆವತ್ತೇ ಮಾತು ಕೊಟ್ಟೆ, ಮುಂದಿನ ಸಲ ನಾನು ಹೇಳ್ತೀನಿ ಅಕ್ಕಾ. ಹೇಳುವುದು! ನನ್ನ ಮಾತು ಹೊಟ್ಟೆಯಿಂದ ಹೊರಟು ನಾಲಿಗೆ ಮುಟ್ಟುವಷ್ಟರಲ್ಲಿ ಕೇಳುವವರು ಬೆನ್ನು ತಿರುಗಿಸಿ ಟೀ ಕುಡಿದಿರುತ್ತಾರೆ, ಕಾಯುವುದೊಂದೇ ಬಿಟ್ಟಿ ದಾನ, ಅದನ್ನು ಮಾತ್ರ ಯಾರೂ ತರುವುದಿಲ್ಲ. ಚಮಚ ತುಂಬಿತು, ಗಟ್ಟಿ ಬಿಳಿ ತುಂಡು, ಮಲಗಿಯೇ ಇದ್ದ ಪಿಯಸೀಲಿ ಅಕ್ಕನ ಕಣ್ಣು ಚಮಚ ದಾಟಿ ನನ್ನ ಮೇಲೆ, ಬೇಡ ಅನ್ನಲು ಹೊರಟೆ, ಬೇ... ಬೇ... ಇವಳದ್ದೇನು ಮೇಟ್ರನ್? ಇನ್ನೊಂದು ತುತ್ತು ಬೇಕಂತೆ ನೋನಾ, ಯಾವಾಗ್ಲೂ ಗೊಣಗ್ತಾಳೆ. ಅಯ್ಯೋ ದುರಾಸೆ ಪಡಬಾರದು ಚಿನ್ನಾ, ಅವಳೂ ತಿನ್ನಲಿ. ದುರಾಸೆ! ಥೂ, ನಿನ್ನ ಚಿನ್ನಕ್ಕಿಷ್ಟು — ಫೋನು ಹಿಡಿದ ಮಗ, ಅಮ್ಮ ಸ್ವಲ್ಪ ಈ ಕಡೆ ತಿರುಗಿ, ಚಮಚ ಕಾಣ್ತಿಲ್ಲ — ತಿರುಗಿದಳು, ಚಮಚವೂ ತಿರುಗಿತು, ಗಾಳಿಯಲ್ಲಿ ನಿಂತಿತು, ಈಗಲೇ, ಕುತ್ತಿಗೆ ಎತ್ತ ಎಳೆದರೂ ಎಳೆಯಲಿ, ಜೊಲ್ಲು ಸುರಿದರೆ ಸುರಿಯಲಿ, ಮಲ... ಗಿಸಿ... ತಿನ್ನಿಸಿದ್ರೆ... ಉಸಿರು ಕಟ್ಟುತ್ತೆ, ಕೂರಿಸಿ, ಗಂಜಿ ಕೊಡಿ, ಇಲ್ಲಾ... ಅವಳನ್ನೂ... ನಿಮ್ಮತ್ತೆ ಹತ್ರ... ಕಳಿಸ್ತೀರಾ ನೋನಾ?

ಇಡೀ ಸಾಲು ಮಂಚ ಕೇಳಿತು, ಮಗನ ಫೋನು ಇಳಿಯಿತು, ನಿಜಾನಾ ಮೇಟ್ರನ್, ನೋನಾ ಕೇಳುತ್ತಿದ್ದಾಳೆ, ನಿಜಾನಾ, ಮೇಟ್ರನ್ ಬಾಯಿ ತೆರೆಯುವ ಮೊದಲೇ ನೋನಾ ಕೂಗುತ್ತಿದ್ದಾಳೆ, ದಿಂಬು ತನ್ನಿ ಯಾರಾದ್ರೂ, ದಿಂಬು, ಹೇಳಿಬಿಟ್ಟೆ ಅಕ್ಕಾ, ಪೂರ್ತಿ ಹೇಳಿದೆ, ನಿನ್ನ ತುಟಿಯಿಂದ ಬೆರಳಗಲ ದೂರದಲ್ಲಿ ಚಮಚ, ತುಂಡು ಜಾರಿ ಬಿಳಿ ಸೀರೆಯ ಮೇಲೆ ಬಿತ್ತು, ಖಾಲಿ ಚಮಚ ಮಾತ್ರ ಇನ್ನೂ ಅಲ್ಲೇ.